ಅಂಗಳದ ಹಕ್ಕರಕಿಗೆ ಬಂದ ನೋಟೀಸು

ಗೆಳೆಯರೇ, ಬೆಳಿಗ್ಗೆ ನಮ್ಮ ನಾಸಿಕದ ಮನೆಯ ಗೇಟಿಗೆ ಸೈಕಲ್ ಒರಗಿಸಿ ನಗರಪಾಲಿಕೆಯ ಇನ್‌ಸ್ಪೆಕ್ಟರ್ ಒಳಗೆ ಬಂದರು. ಅಂಗಳದಲ್ಲಿ ಕಳೆ ಬೆಳೆಸಿದ್ದೇವಂತೆ. ಮನೆಯ ಮಾಲೀಕರು ಇವತ್ತೇ ಕೀಳಬೇಕು, ಇಲ್ಲವಾದರೆ ದಂಡ ಎಂದು ಮರಾಠಿಯಲ್ಲಿ ಗದರಿ, ನನ್ನ ಕೈಗೆ ನೋಟೀಸು ತುರುಕಿದರು.

ನಾನು ತೆಪ್ಪಗೆ ಕುಡುಗೋಲು ಹುಡುಕತೊಡಗಿದೆ. ಹೆಂಡತಿ ಕೆರಳಿದಳು. ವಿಜಾಪುರದ ತವರಿನಿಂದ ಬೀಜ ತಂದು ಚೆಲ್ಲಿದವಳು ಅವಳೇ.

"ಕಳೆ ಅಂತ ಕಳೆ! ಹಕ್ಕರಕಿ ಅದು. ರೊಟ್ಟಿ ಜೋಡಿ ಹಸೀದ ತಿಂತೀವಿ. ಕಿತ್ತರ ನೋಡ್ರಿ ಮತ್ತ!" ಎಂದು ನನಗೇ ಬೈದಳು.

ಇನ್‌ಸ್ಪೆಕ್ಟರ್ ಬಗ್ಗಿ ಒಂದು ಎಲೆ ಕಿತ್ತು ಬಾಯಿಗೆ ಹಾಕಿಕೊಂಡರು.

"ಖರೇನ ಹಕ್ಕರಕಿ ಅದ ಅಲ್ರೀ ಅಕ್ಕಾರ! ನಾವು ಅಕ್ಕಲಕೋಟದವ್ರು. ಇದನ್ನ ತಿಂದು ಎಷ್ಟು ವರ್ಷ ಆತೋ!"

ಕನ್ನಡ ಕೇಳಿದ್ದೇ ಹೆಂಡತಿ ಕರಗಿದಳು. ಇನ್ನು ನೋಟೀಸು ಹರಿದಂತೆಯೇ ಎಂದು ನಾನು ಹಿಗ್ಗಿದೆ.

"ಕಾಯ್ದೆ ಅಂದ್ರ ಕಾಯ್ದೇನ ರೀ," ಎಂದ ಅವರು ತಾವೇ ಕೂತು ಅಷ್ಟನ್ನೂ ಕಿತ್ತರು. ತುಂಬಿಕೊಳ್ಳಲು ಹೆಂಡತಿ ಚೀಲವನ್ನೂ ಕೊಟ್ಟಳು. ಸೈಕಲ್ ಹತ್ತುವಾಗ ಕೇಳಿದರು: "ಮುಂದಿನ ತಿಂಗಳು ಮತ್ತ ತಪಾಸಣಿಗೆ ಬರ್ತೀನ್ರಿ. ಅಷ್ಟರಾಗ ಬೆಳೀತದಲ್ಲ?"

ಅಂಗಳ ಈಗ ಕಾಯ್ದೆಯ ಪ್ರಕಾರ ಲಕಲಕ ಹೊಳೆಯುತ್ತಿದೆ. ನನ್ನ ತಾಟಿನಲ್ಲಿ ಬರೀ ರೊಟ್ಟಿ.