ಕೌದಿಯ ಮೂಲೆಯ ತುತ್ತು

ಊರಿಗೆಲ್ಲ ಚಿಕ್ಕಮ್ಮನಂತಿರುವ ಮಸ್ತಾನಬಿ ಖಾಲಾ ತಾನು ಹೊಲಿದ ಕೌದಿಗೆ ಉಣ್ಣಿಸದೆ ಯಾರ ಕೈಗೂ ಕೊಟ್ಟವಳಲ್ಲ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಅಂಚಿನಿಂದ ಒಳಮುಖವಾಗಿ ಹೊಲಿಯುತ್ತ ಬಂದರೂ ಒಂದು ಮೂಲೆಯನ್ನು ಮಾತ್ರ ತೆರೆದೇ ಇಡುತ್ತಿದ್ದಳು. ಕಡೆಗೆ ಅದರೊಳಗೆ ಜೋಳದ ಖಡಕ್ ರೊಟ್ಟಿಯ ಚೂರೊಂದನ್ನು ತುರುಕಿ ಬಾಯಿ ಹೊಲಿದರೆ ಕೆಲಸ ಮುಗಿದಂತೆ. "ಹಸಿದ ಕೌದಿ ಕೊಡ್ಲಿಕ್ ನನಗ ಮನಸಾಗಲ್ಲ ಬೇಟಿ" ಎನ್ನುತ್ತಿದ್ದಳು.

ಒಮ್ಮೆ ಚಿತ್ತಾಪುರದ ಹೆಣ್ಣುಮಗಳೊಬ್ಬಳು ಅವಸರಕ್ಕೆ ಬಿದ್ದು, ತುತ್ತು ಹಾಕುವ ಮೊದಲೇ ಕೌದಿ ಮಡಚಿಕೊಂಡು ನಮ್ಮ ಸುಲೇಪೇಟದ ಸ್ಟ್ಯಾಂಡಿನಲ್ಲಿ ಬಸ್ ಹತ್ತಿಬಿಟ್ಟಳು. ಖಾಲಾ ರೊಟ್ಟಿ, ಸೂಜಿ ಹಿಡಿದು ಬೆನ್ನಿಗೇ ಹೋದವಳು ಬಸ್ಸಿನ ಮೆಟ್ಟಿಲ ಮೇಲೆ ಕುಳಿತು ಹೊಲಿಯತೊಡಗಿದಳು. ಕಂಡಕ್ಟರ್ ಸೀಟಿ ಊದಿದ. "ಉಣ್ಲಿಕತ್ತದ, ತಡೀರಿ" ಎಂದಳು. ಬಸ್ಸು ನಿಂತಿತು.

ಅಂಥವಳಿಗೆ ಈ ವರ್ಷ ಬೆನ್ನು ಕೈಕೊಟ್ಟಿತು. ಕಲಬುರಗಿಗೆ ಸ್ಕ್ಯಾನಿಂಗಿಗೆ ಕರೆದೊಯ್ದವಳು ನಾನೇ. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಬೆನ್ನೆಲುಬಿನ್ಯಾಗ ಒಂದು ಕಪ್ಪು ಕಲಿ ಕಾಣಸ್ತದ್ರಿ. ಟಿಬಿ ಇರಬಹುದು, ಕೆಟ್ಟ ಗಡ್ಡಿನೂ ಇರಬಹುದು. ಹೈದರಾಬಾದಿನ್ಯಾಗ ಚೂರು ತೆಗೆದು ಪರೀಕ್ಷಾ ಮಾಡೋತನ ಹೇಳ್ಲಿಕ್ ಬರಲ್ಲ."

ಗುಳಿಗೆಗೆ ಬಗ್ಗುವ ರೋಗವೋ, ಜೀವವನ್ನೇ ಕೇಳುವ ರೋಗವೋ? ಖಾಲಾ ಕೇಳಿದ್ದು ಒಂದೇ ಮಾತು, "ಹೊಲೀಲಿಕ್ ಕುಂದರಬಹುದಲ್ರಿ?"

ಮರುದಿನ ಅವಳ ಮನೆಗೆ ಹೋದರೆ, ಆ ಫಿಲ್ಮನ್ನು ಬಟ್ಟೆಯ ಮೇಲಿಟ್ಟು, ಅದರ ಅಂಚಿಗೆ ಸೋಪಿನ ಚೂರಿನಿಂದ ಹೊಲಿಗೆಯ ಗೆರೆ ಎಳೆಯುತ್ತಿದ್ದಳು. ಇದೇನು ಖಾಲಾ ಎಂದೆ.

"ನನಗ ಏನಾಗ್ಯದಂತ ಇದಕ್ಕ ಹೇಳ್ಲಿಕ್ ಬರಲಿಲ್ಲ. ಗೆರಿ ಹೊಡೀಲಿಕ್ಕಾರ ಬರ್ಲಿ."

"ಅಂಜಿಕಿ ಇಲ್ಲೇನು ಖಾಲಾ?"

"ಭಾಳ ಅದ. ದಾರ ಪೋಣಿಸುವಾಗ ಕೈ ನಡುಗ್ತದ, ನೋಡು" ಎಂದು ಸೂಜಿ ನನ್ನತ್ತ ಚಾಚಿದಳು. ನಾನು ಪೋಣಿಸಿಕೊಟ್ಟೆ. ಅವಳು ಹೊಲಿದಳು. ಕುಳಿತು ಬೆನ್ನು ನೊಂದರೆ ಮಗ್ಗುಲಿಗೆ ಮಲಗಿ ಹೊಲಿದಳು. ಹೆದರಿಕೆಯನ್ನು ಮುಚ್ಚಿಡದೆ, ಅದರ ಪಕ್ಕದಲ್ಲೇ ಕೆಲಸ ಹಾಸಿಕೊಂಡು ಕೂರುವ ಇಂಥ ಇನ್ನೊಬ್ಬರನ್ನು ನಾನು ಕಂಡಿಲ್ಲ. ಇಂದಿಗೂ ಅದೇ ಬೆರಗು.

ಅದು ನನ್ನ ಮಗಳ ಹೆರಿಗೆಗೆಂದು ಹೊಲಿಯುತ್ತಿದ್ದ ಕೌದಿ. ಖಾಲಾ ಪರೀಕ್ಷೆಗೆಂದು ಹೈದರಾಬಾದಿನ ತಂಗಿಯ ಮನೆಗೆ ಹೊರಡುವ ಹಿಂದಿನ ಸಂಜೆ ಮೂಲೆಯೊಂದೇ ಉಳಿದಿತ್ತು.

"ಮೂಲಿ ಹಂಗೇ ಇರ್ಲಿ ಖಾಲಾ, ಹೊಳ್ಳಿ ಬಂದ ಮ್ಯಾಲ ತುತ್ತು ಹಾಕು" ಎಂದೆ. ಉಳಿದ ಕೆಲಸ ಅವಳನ್ನು ವಾಪಸು ಎಳೆದು ತರಲಿ ಎಂಬ ಆಸೆ ನನ್ನದು. ಅವಳಿಗೆ ಅದು ತಿಳಿಯಿತು. ನನ್ನ ಕೆನ್ನೆ ಸವರಿದಳು.

"ನನ್ನ ಬ್ಯಾನಿ ಏನಂತ ಗೊತ್ತಾಗೋದು ಯಾವಾಗೋ. ಅಲ್ಲಿತನ ಕೂಸು ಹಸಿದ ಕೌದಿ ಹೊದಕೋಬೇಕೇನು?"

ರೊಟ್ಟಿಯ ಚೂರು ಒಳಗಿಟ್ಟು, ಮೂಲೆ ಹೊಲಿದು, ದಾರವನ್ನು ಹಲ್ಲಿನಿಂದ ಕಡಿದು ಕೌದಿಯನ್ನು ನನ್ನ ಮಡಿಲಿಗೆ ಹಾಕಿದಳು. ಆಮೇಲೆ ನಾನು ಅವಳನ್ನು ನೋಡಿಲ್ಲ.

ಬೆನ್ನಿನಿಂದ ಮೊದಲು ತೆಗೆದ ಚೂರು ಪರೀಕ್ಷೆಗೆ ಸಾಲಲಿಲ್ಲವೆಂದು ಮತ್ತೊಮ್ಮೆ ತೆಗೆದಿದ್ದಾರಂತೆ. ರಿಪೋರ್ಟ್ ಇನ್ನೂ ಬಂದಿಲ್ಲ. ಮೊಮ್ಮಗ ಮಾತ್ರ ಬಂದಿದ್ದಾನೆ. ಅವನಿಗೆ ಹೊದಿಸುವಾಗ ಆ ಮೂಲೆ ಕೈಗೆ ಗಟ್ಟಿಯಾಗಿ ತಗಲುತ್ತದೆ. ಫೋನ್ ಮಾಡಿದರೆ ಖಾಲಾ ಮೊದಲು ಕೇಳುವುದು, "ಕೂಸಿಗಿ ನಿದ್ದಿ ಹತ್ತತದಲ್ಲ?"

ಹತ್ತುತ್ತದೆ ಖಾಲಾ. ನನಗೇ ಹತ್ತುತ್ತಿಲ್ಲ.