ಭಾನುವಾರದ ಮಾರನೇ ದಿನ

ಮೊನ್ನೆ ಒಂದು ಟೇಬಲ್ ಫ್ಯಾನು ತರಿಸಿದೆ. ಪೆಟ್ಟಿಗೆಯ ಮೇಲಿನ ಕಂದು ಟೇಪಿಗೆ ಉಗುರು ಹಾಕಿ ಪರ್ರನೆ ಎಳೆದೆ ನೋಡಿ, ರಟ್ಟು ಮತ್ತು ಅಂಟು ಬೆರೆತ ಆ ವಾಸನೆ ಮೂಗಿಗೆ ಬಂತು. ನಿಮಗೆ ಅದು ಹೊಸ ಸಾಮಾನಿನ ವಾಸನೆ. ನನಗೆ ಅದು ಒಂದು ಕಾಲದಲ್ಲಿ ಅನ್ನದ ವಾಸನೆಯಾಗಿತ್ತು. ಆದರೆ ಏನೋ ಕಮ್ಮಿ ಅನ್ನಿಸಿತು, ಯೋಚಿಸಿದ ಮೇಲೆ ಹೊಳೆಯಿತು: ಕೊಬ್ಬರಿ ವಾಸನೆ ಇರಲಿಲ್ಲ. ಅರಸೀಕೆರೆಯಲ್ಲಿ ನಮ್ಮ ಕೊರಿಯರ್ ಆಫೀಸು ಇದ್ದದ್ದು ಹಳೆಯ ಕೊಬ್ಬರಿ ಗೋಡೌನಿನಲ್ಲಿ. ಮೊಬೈಲು ತರಿಸಿದವರಿಗೂ ಮದುವೆ ಸೀರೆ ತರಿಸಿದವರಿಗೂ ನಾವು ಕೊಬ್ಬರಿ ವಾಸನೆಯನ್ನು ಉಚಿತವಾಗಿ ಸೇರಿಸಿ ಕೊಡುತ್ತಿದ್ದೆವು.

ಬಿ.ಎ. ಮುಗಿಸಿ, ಅರ್ಜಿ ಹಾಕುವುದನ್ನೇ ಎರಡು ವರ್ಷ ಉದ್ಯೋಗ ಮಾಡಿಕೊಂಡಿದ್ದವನು ನಾನು. ಕೊನೆಗೆ ಆ ಕಂಪನಿ ನನ್ನನ್ನು ತೆಗೆದುಕೊಂಡಿತು. ಕೆಲಸ, ಮನೆಮನೆಗೆ ಪೆಟ್ಟಿಗೆ ಮುಟ್ಟಿಸುವುದು. ಹುದ್ದೆಯ ಹೆಸರು ಲಾಸ್ಟ್ ಮೈಲ್ ಅಸೋಸಿಯೇಟ್. ಅರಸೀಕೆರೆಯಿಂದ ಹಾರನಹಳ್ಳಿವರೆಗೆ ಇರುವುದೆಲ್ಲ ಕಂಪನಿಯ ಲೆಕ್ಕದಲ್ಲಿ ಒಂದೇ ಮೈಲಿ. ನನ್ನ ಬೈಕಿಗೆ ಮಾತ್ರ ಅದು ತಿಳಿದಿರಲಿಲ್ಲ. ಅಮ್ಮ ನೆಂಟರ ಮುಂದೆ ನನ್ನ ಮಗ ಲಾಜಿಸ್ಟಿಕ್ಸಿನಲ್ಲಿದ್ದಾನೆ ಎನ್ನುತ್ತಿದ್ದಳು. ನಮ್ಮ ಸೋದರತ್ತೆ ಅದರಲ್ಲಿ 'ಲಾ' ಅಷ್ಟನ್ನೇ ಹಿಡಿದುಕೊಂಡು, ಜಮೀನಿನ ತಕರಾರಿನ ಕಾಗದಪತ್ರ ಎಲ್ಲ ಹೊತ್ತುಕೊಂಡು ನನ್ನ ಹತ್ತಿರ ಬಂದರು.

ಕೆಲಸಕ್ಕೆ ಸೇರಿದ ದಿನ ಒಂದು ತರಬೇತಿ ವಿಡಿಯೋ ತೋರಿಸಿದರು. ಬೆಲ್ ಒತ್ತಿ, ಎರಡು ಹೆಜ್ಜೆ ಹಿಂದೆ ಸರಿದು, ಮುಗುಳ್ನಗಬೇಕಂತೆ. ನಮ್ಮ ಹಳ್ಳಿಗಳಲ್ಲಿ ಬೆಲ್ ಇಲ್ಲ, ಬಾಗಿಲು ತೆರೆದೇ ಇರುತ್ತದೆ. ಎರಡು ಹೆಜ್ಜೆ ಹಿಂದೆ ಸರಿದರೆ ಚರಂಡಿ. ಇನ್ನು ಮುಗುಳ್ನಗೆ, ಅದನ್ನು ಮೊದಲು ಕಾಣುವುದು ನಾಯಿ. ಪೆಟ್ಟಿಗೆ ಮುಟ್ಟಿಸಲಾಗದಿದ್ದರೆ ಫೋನಿನ ಆ್ಯಪಿನಲ್ಲಿ ಕಾರಣ ಒತ್ತಬೇಕಿತ್ತು: ಬಾಗಿಲು ಹಾಕಿದೆ, ವಿಳಾಸ ಸರಿಯಿಲ್ಲ, ಗ್ರಾಹಕರು ನಿರಾಕರಿಸಿದರು, ಗ್ರಾಹಕರು ಸ್ಪಂದಿಸುತ್ತಿಲ್ಲ. ನಾನು ಕಂಡ ಕಾರಣಗಳೇ ಬೇರೆ. ರಾಹುಕಾಲ ಕಳೆಯಲಿ, ಅಲ್ಲಿವರೆಗೆ ಕೂತ್ಕೊ ಎಂದವರಿದ್ದರು. ಸೂತಕ, ಹನ್ನೊಂದು ದಿನ ಬಿಟ್ಟು ಬಾ ಎಂದವರಿದ್ದರು. ಇವನ್ನು ಎಲ್ಲಿ ಒತ್ತಲಿ ಎಂದು ನಮ್ಮ ಆಫೀಸಿನ ಇನ್‌ಚಾರ್ಜ್ ಲೋಕೇಶಣ್ಣನನ್ನು ಕೇಳಿದರೆ, ಎಲ್ಲಕ್ಕೂ 'ನಿರಾಕರಿಸಿದರು' ಒತ್ತು ಎಂದರು. ಹಾಗೆ ಒತ್ತಿ ಒತ್ತಿ ನಾನು ಅರ್ಧ ತಾಲ್ಲೂಕನ್ನೇ ಮೊಂಡರನ್ನಾಗಿ ಮಾಡಿಟ್ಟೆ.

ಹಾರನಹಳ್ಳಿಯ ಸೋಮೇಗೌಡರ ಪೆಟ್ಟಿಗೆ ನನ್ನ ಕೈಗೆ ಬಂದದ್ದು ಆ ದಿನಗಳಲ್ಲಿ. ಒಳಗಿದ್ದದ್ದು ಕಿವಿಗೆ ಹಾಕುವ ಯಂತ್ರ. ಹಾಸನದಲ್ಲಿ ನರ್ಸ್ ಆಗಿದ್ದ ಮಗಳು ಅಪ್ಪನ ಹೆಸರಿಗೆ, ಅಪ್ಪನ ಫೋನ್ ನಂಬರು ಕೊಟ್ಟು ಕಳಿಸಿದ್ದಳು. ಬೆಲೆಬಾಳುವ ಸಾಮಾನಾದ್ದರಿಂದ ಒಂದು ನಿಯಮವಿತ್ತು. ನಾನು ಮನೆ ಬಾಗಿಲಲ್ಲಿ ನಿಂತಾಗ ಹೆಡ್ಡಾಫೀಸಿನಿಂದ ಗ್ರಾಹಕರಿಗೆ ಫೋನ್ ಬರುತ್ತದೆ, ಅವರು ಅದನ್ನು ಎತ್ತಿ ಹೆಸರು ಹೇಳಬೇಕು, ಆಮೇಲೆ ಪೆಟ್ಟಿಗೆ. ಮೂರು ಸಲ ಆಗದಿದ್ದರೆ ಸಾಮಾನು ವಾಪಸ್. ಅಂದರೆ ಕಿವಿ ಕೇಳದವರಿಗೆ ಕಿವಿ ಕೊಡುವ ಮೊದಲು ಕಂಪನಿ ಫೋನ್ ಮಾಡಿ ಕೇಳುತ್ತಿತ್ತು.

ಮೊದಲ ಸಲ ಹೋದಾಗ ಗೌಡರು ಜಗಲಿಯ ಮೇಲೆ ಒಬ್ಬರೇ ಕೂತಿದ್ದರು. ಫೋನು ಅವರ ಅಂಗಿ ಜೇಬಿನಲ್ಲೇ ಬಡಿದುಕೊಳ್ಳುತ್ತಿತ್ತು. ನನಗೆ ಕೇಳುತ್ತಿತ್ತು, ಎದುರು ಮನೆಯವರಿಗೂ ಕೇಳುತ್ತಿತ್ತು. ನಾನು ಜೇಬು ತೋರಿಸಿ, ಕಿವಿ ತೋರಿಸಿ, ಬಾಯಿ ತೋರಿಸಿದೆ. ಬಾಯಿ ತೋರಿಸಿದ್ದೇ ತಡ, ಅವರು ಎದ್ದು ಹೋಗಿ ಒಂದು ಚೊಂಬು ನೀರು ತಂದುಕೊಟ್ಟರು. 'ಗ್ರಾಹಕರು ಸ್ಪಂದಿಸುತ್ತಿಲ್ಲ' ಎಂದು ಒತ್ತಿ, ಸ್ಪಂದಿಸದ ಗ್ರಾಹಕರು ಕೊಟ್ಟ ನೀರನ್ನು ಕುಡಿದೆ.

ಅಷ್ಟರಲ್ಲಿ ತೋಟದಿಂದ ಬಂದ ಅವರ ಹೆಂಡತಿ ಜಯಮ್ಮನವರು ವಿಷಯ ತಿಳಿಸಿದರು. ಅಟ್ಟದ ಮೇಲೆ ಹಾಕಿದ ತೆಂಗಿನಕಾಯಿ ಒಳಗೇ ಒಣಗಿ ಕೊಬ್ಬರಿಯಾಗಲು ವರ್ಷ ಹಿಡಿಯುತ್ತದೆ, ನಿಮಗೆ ಗೊತ್ತಲ್ಲ. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಲೊಡಲೊಡ ಎಂದರೆ ಒಡೆಯಬಹುದು, ಇಲ್ಲವಾದರೆ ಕಾಯಬೇಕು. ಆ ಸದ್ದು ಕೇಳಿ ಹೇಳುವುದರಲ್ಲಿ ಗೌಡರದು ಎತ್ತಿದ ಕೈ. ಸುತ್ತಿನ ಯಾವ ಮನೆಯಲ್ಲೂ ಅವರು ಅಟ್ಟ ಹತ್ತಿ ಹೂಂ ಎನ್ನದೆ ಕಾಯಿ ಒಡೆಯುತ್ತಿರಲಿಲ್ಲವಂತೆ. ಹೋದ ವರ್ಷ ಕಿವಿ ಕೈಕೊಟ್ಟದ್ದನ್ನು ಯಾರಿಗೂ ಹೇಳದೆ ಪಕ್ಕದ ಮನೆಯ ಅಟ್ಟಕ್ಕೆ ಹೂಂ ಅಂದುಬಿಟ್ಟರು. ಒಡೆದರೆ ಎಲ್ಲ ಹಸಿ. ಅಲ್ಲಿಂದೀಚೆಗೆ ಯಾರೂ ಕರೆದಿರಲಿಲ್ಲ.

"ಊಟ ಬಿಟ್ರೂ ಬಿಟ್ಟಾರು, ಅಟ್ಟ ಬಿಟ್ಟು ಇರಕ್ಕಾಗಕಿಲ್ಲ ಇವ್ರಿಗೆ. ಹತ್ತು ದಿಸಕ್ಕೆ ಕಾಯಿ ಒಡೆಯೋರವ್ರೆ. ಅಷ್ಟ್ರಾಗೆ ಕೊಡು ಕಣಪ್ಪ," ಎಂದರು ಜಯಮ್ಮ.

ಕೊಡಲು ನನಗೇನು ಕಷ್ಟ? ಪೆಟ್ಟಿಗೆ ಕೈಯಲ್ಲೇ ಇತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಆ ಪೂಜಾರಿ ನಾನು. ನಂಬರು ಬದಲಿಸಿ ಮಗಳದು ಹಾಕಿ ಎಂದು ಲೋಕೇಶಣ್ಣನಿಗೆ ಗೋಗರೆದೆ. ಅದಕ್ಕೂ ಗ್ರಾಹಕರೇ ಫೋನ್ ಮಾಡಿ ಹೇಳಬೇಕಂತೆ.

ಸಂಜೆ ಹೆಡ್ಡಾಫೀಸಿನವರು ಮತ್ತೆ ಫೋನ್ ಮಾಡಿ, ಯಾವ ದಿನ ತರಬೇಕು ಎಂದು ಜಯಮ್ಮನನ್ನೇ ಕೇಳಿದರು. ನನ್ನ ಆ್ಯಪಿನಲ್ಲಿ ಭಾನುವಾರ ಎಂದು ಬಂತು. ರಜಾ ದಿನ ಬೈದುಕೊಳ್ಳುತ್ತಾ ಹೋದೆ. ಬಾಗಿಲಿಗೆ ಬೀಗ. ಗಂಡ ಹೆಂಡತಿ ಇಬ್ಬರೂ ಯಾರದೋ ನಾಮಕರಣಕ್ಕೆಂದು ಬೇಲೂರಿಗೆ ಹೋಗಿದ್ದರು. ಎರಡನೆಯ ಸಲವೂ ಮುಗಿಯಿತು.

ಉಳಿದದ್ದು ಒಂದೇ. ಸೋಮವಾರ ಬೆಳಿಗ್ಗೆಯೇ ಹೋಗಿ, ಭಾನುವಾರ ಬಾ ಎಂದು ಹೇಳಿ ನೀವೇ ಊರು ಬಿಟ್ಟರೆ ಹೇಗಮ್ಮ ಎಂದು ರೇಗಿದೆ.

"ನಾನೆಲ್ಲಿ ಭಾನ್ವಾರ ಅಂದೆ? ಅದ್ರ ಮಾರನೆ ದಿನ ಅಂದೆ."

ಸೋಮವಾರ ಅಂತ ಹೇಳುವುದಕ್ಕೇನು ಎಂದೆ. ಜಯಮ್ಮ ನಾಲಿಗೆ ಕಚ್ಚಿಕೊಂಡು ಜಗಲಿಯ ಮೇಲಿದ್ದ ಗಂಡನ ಕಡೆ ನೋಡಿದರು. ಆಗ ನನ್ನ ಮಂದ ತಲೆಗೆ ಹೊಳೆಯಿತು. ಗಂಡನ ಹೆಸರು ಹೇಳಬಾರದು. ಗಂಡ ಸೋಮೇಗೌಡ. ಮದುವೆಯಾದ ದಿನದಿಂದ ಆ ಮನೆಯಲ್ಲಿ ವಾರಕ್ಕೆ ಆರೇ ದಿನ. ಹೆಡ್ಡಾಫೀಸಿನ ಹುಡುಗಿ 'ಭಾನುವಾರ' ಎಂಬಲ್ಲಿಗೇ ಕೇಳಿಸಿಕೊಂಡು ಬರೆದುಕೊಂಡಿದ್ದಳು.

ಫೋನು ಬಂತು. ಈ ಸಲ ನಾನೇ ಗೌಡರ ಜೇಬಿನಿಂದ ಅದನ್ನು ತೆಗೆದು, ಸ್ಪೀಕರ್ ಹಾಕಿ ಜಯಮ್ಮನ ಕೈಗಿಟ್ಟೆ. ಗ್ರಾಹಕರಿಗೆ ಆಗದಿದ್ದರೆ ಮನೆಯವರು ಹೇಳಬಹುದು, ಆದರೆ ಡೆಲಿವರಿಯವರು ಬಾಯಿ ಹಾಕುವಂತಿಲ್ಲ ಎಂದಿತು ಆ ದನಿ. ಈ ಕರೆಯನ್ನು ದಾಖಲಿಸಲಾಗುತ್ತಿದೆ ಎಂದೂ ಹೇಳಿತು. ಆಮೇಲೆ ಗ್ರಾಹಕರ ಪೂರ್ಣ ಹೆಸರು ಕೇಳಿತು.

"ನಮ್ಮೂರಾಗೆ ಎರಡು ಗುಡಿ ಅವೆ ಕಣವ್ವ. ಒಂದು ಕೇಶವಂದು. ಇನ್ನೊಂದ್ರಾಗೆ ಇರೋರೇ ಇವ್ರು," ಎಂದರು ಜಯಮ್ಮ, ಗಂಡನ ಹೆಸರಿನ ಶಿವನ ಗುಡಿಯನ್ನು ನೆನೆದು.

"ಹಾಗಾದರೆ ಗ್ರಾಹಕರು ಈಗ ದೇವಸ್ಥಾನದಲ್ಲಿದ್ದಾರಾ ಮೇಡಂ?"

ಭಾನುವಾರದ ಮಾರನೇ ದಿನಕ್ಕೆ ಗೌಡ ಸೇರಿಸಿಕೊ ಎಂದು ಜಯಮ್ಮ ದಾರಿ ತೋರಿಸಿದರು. ಹೆಸರು ಹೊಂದಿಕೆಯಾಗುತ್ತಿಲ್ಲ ಎಂದಿತು ದನಿ. ಕೊನೆಯ ಬಾರಿ ಕೇಳುತ್ತಿದ್ದೇನೆ, ಇಲ್ಲವಾದರೆ ಪಾರ್ಸೆಲ್ ವಾಪಸ್ ಹೋಗುತ್ತದೆ ಎಂದಿತು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ನನಗೆ ಕಂಪನಿಯ ಮೇಲೆ, ಅದರ ಹೆಸರಿದ್ದ ನನ್ನ ಟೀಶರ್ಟಿನ ಮೇಲೆ, ಎಲ್ಲದರ ಮೇಲೂ ಅಸಹ್ಯ ಹುಟ್ಟಿತು.

ಜಯಮ್ಮ ಒಂದು ಸಲ ಅಟ್ಟದ ಕಡೆ ನೋಡಿದರು. ತಲೆಯ ಮೇಲೆ ಸೆರಗು ಹೊದ್ದು, ಕಣ್ಣು ಮುಚ್ಚಿ, "ಸೋಮೇಗೌಡ" ಎಂದರು. ತಕ್ಷಣ ಶಿವಶಿವಾ ಎಂದು ಕೆನ್ನೆ ಕೆನ್ನೆ ಬಡಿದುಕೊಂಡರು.

ಎರಡು ಮಾರು ದೂರದಲ್ಲಿ ಕೂತಿದ್ದ ಗೌಡರಿಗೆ ಏನೂ ಕೇಳಲಿಲ್ಲ. ಏನಂದ್ಲು ಎಂದು ನನ್ನನ್ನು ಕೇಳಿದರು. ಪೆಟ್ಟಿಗೆಯ ಮೇಲಿದ್ದ ಅವರ ಹೆಸರಿನ ಮೇಲೆ ಬೆರಳಿಟ್ಟು, ಜಯಮ್ಮನ ಬಾಯಿ ತೋರಿಸಿದೆ. ಅವರು ಹೆಂಡತಿಯ ಮುಖವನ್ನು ನೋಡುತ್ತಾ ಕೂತರು. ಜಯಮ್ಮ ನಾಚಿಕೊಂಡು ಒಳಗೆ ಹೋದರು. ನಾನು ಪೆಟ್ಟಿಗೆ ಕೊಟ್ಟು ಬಂದೆ.

ಒಂದು ತಿಂಗಳ ಮೇಲೆ ಕೊಬ್ಬರಿ ಮಾರಲು ಅರಸೀಕೆರೆಗೆ ಬಂದ ಗೌಡರು ನಮ್ಮ ಗೋಡೌನ್ ಹುಡುಕಿಕೊಂಡು ಬಂದರು. ಕಿವಿಯಲ್ಲಿ ಯಂತ್ರವಿತ್ತು. ಜನ ಮತ್ತೆ ಅಟ್ಟಕ್ಕೆ ಕರೆಯುತ್ತಿದ್ದಾರೆ ಎಂದರು. ಆಮೇಲೆ ದನಿ ತಗ್ಗಿಸಿ, "ಎಲ್ಲಾ ಅಟ್ಟದ ಕಾಯೂ ಕೇಳ್ದೆ. ಅವ್ಳಂದಿದ್ದು ಒಂದು ಕೇಳ್ಲಿಲ್ಲ. ಅದು ನಿಮ್ತಾವ ರೆಕಾರ್ಡ್ ಆಗೈತಂತಲ್ಲ, ಒಂದ್ಸಲ ಹಾಕಪ್ಪ," ಎಂದರು.

ಲೋಕೇಶಣ್ಣನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಹೆಡ್ಡಾಫೀಸಿಗೆ ಬರೆದೆ. ದೂರಿನ ಬಗೆ ಯಾವುದೆಂದು ಕೇಳಿದರು, 'ಇತರೆ' ಒತ್ತಿದೆ. ನಿಮ್ಮ ಸಮಸ್ಯೆ ಬಗೆಹರಿದಿದೆ ಎಂದು ಎರಡು ನಿಮಿಷದಲ್ಲಿ ಉತ್ತರ ಬಂತು. ಮನೆಯಲ್ಲೇ ಕೇಳಿ ಗೌಡ್ರೆ ಎಂದೆ. ಕೇಳಿದ್ದರಂತೆ, ಬೈಸಿಕೊಂಡಿದ್ದರಂತೆ.

ಸ್ವಲ್ಪ ದಿನದಲ್ಲೇ ಅವರ ಹೆಸರಿಗೆ ಇನ್ನೊಂದು ಪೆಟ್ಟಿಗೆ ಬಂತು, ಇನ್ನೊಂದು ಕಿವಿಗೆ. ಬಿರುಬಿಸಿಲಿನಲ್ಲಿ ಹೋದರೆ ಗೌಡರು ತಲೆಗೆ, ಕಿವಿ ಮುಚ್ಚುವಂತೆ ಟವೆಲು ಸುತ್ತಿಕೊಂಡು ಕೂತಿದ್ದರು. ಜೇಬಿನಲ್ಲಿ ಫೋನು ಬಡಿದುಕೊಂಡಿತು. ಗೌಡರು ಅಲ್ಲಾಡಲಿಲ್ಲ. ಕೂಗಿದೆ. ತಿರುಗಿ ನೋಡಲಿಲ್ಲ. ಯಂತ್ರ ಎಲ್ಲಿ ಎಂದು ಕೇಳಿದ್ದಕ್ಕೆ, ಬೆಳಿಗ್ಗೆಯಿಂದ ಕೆಟ್ಟು ಕೂತಿದೆ ಎಂದು ಜಯಮ್ಮ ಗೊಣಗುತ್ತಾ ಬಂದು ಫೋನ್ ಎತ್ತಿಕೊಂಡರು. ಅದೇ ಪ್ರಶ್ನೆ. ಈ ಸಲ ಗುಡಿಯ ಸುದ್ದಿ ಎತ್ತಲಿಲ್ಲ, ಸೆರಗು ಹೊದ್ದು ಮೆಲ್ಲಗೆ ಹೇಳಿದರು.

ನಾನು ಗೌಡರನ್ನು ನೋಡಿದೆ. ಅವರು ಕಣ್ಣು ಮುಚ್ಚಿದ್ದರು. ಟವೆಲಿನ ಅಂಚಿನಲ್ಲಿ ಯಂತ್ರದ ಪುಟ್ಟ ತಂತಿ ಇಣುಕುತ್ತಿತ್ತು. ಕಣ್ಣು ಬಿಟ್ಟವರು ನನ್ನನ್ನು ಕಂಡು, ಹೇಳಬೇಡ ಎಂಬಂತೆ ಹುಬ್ಬು ಕುಣಿಸಿ, "ಏನಂದ್ಯೇ?" ಎಂದು ಹೆಂಡತಿಯನ್ನು ಕೇಳಿದರು.

ಆ ಕೆಲಸ ಬಿಟ್ಟು ವರ್ಷಗಳಾದವು. ಈಗ ಕೆ.ಇ.ಬಿ. ಆಫೀಸಿನಲ್ಲಿದ್ದೇನೆ, ಮದುವೆಯಾಗಿದೆ. ನನ್ನವಳು ಹೊಸ ಕಾಲದವಳು, ಹೆಸರು ಹಿಡಿದೇ ಕರೆಯುತ್ತಾಳೆ, ಹೆಚ್ಚಾಗಿ ಗ್ಯಾಸು ಮುಗಿದಾಗ. ಇಷ್ಟು ದಿನ ಅದು ನನಗೆ ಹಾಜರಿ ಕೂಗಿದ ಹಾಗೆ ಕೇಳುತ್ತಿತ್ತು. ಇಗೋ, ಇದನ್ನು ಬರೆಯುತ್ತಿರುವಾಗಲೂ ಒಳಗಿನಿಂದ ಕರೆಯುತ್ತಿದ್ದಾಳೆ. ಚೆನ್ನಾಗಿಯೇ ಕೇಳಿಸಿತು. ಆದರೂ ಸುಮ್ಮನೆ ಕೂತಿದ್ದೇನೆ, ಇನ್ನೊಂದು ಸಲ ಕರೆಯಲಿ.