ಹಲ್ಲಿಗೆ ಕೇಳುವ ಸೀಟಿ

ಕಾಗೆ ಇನ್ನೂ ಬಾಯಿ ಬಿಟ್ಟಿಲ್ಲ, ಕೀ ಅಕ್ಕ ಆಗಲೇ ಕಾರಿನೊಳಗೆ ಕೂತಿದ್ದಾಳೆ. ತಗಡಿನ ಶೆಡ್ಡು. ನೆಲಕ್ಕೆ ಎಣ್ಣೆ ಕುಡಿದು ಕುಡಿದು ಎಂಥ ಜಾರು ಬಂದಿದೆ ಎಂದರೆ, ಒಳಗೆ ಕಾಲಿಟ್ಟವರು ಎದುರು ಬೀದಿಯಲ್ಲೇ ಹೋಗಿ ನಿಲ್ಲಬೇಕು. ಬಾನೆಟ್ಟು ಮೇಲೆತ್ತಿರುವುದರಿಂದ ಮುಂದೇನೂ ಕಾಣದು. ಅಕ್ಕ ಬಾಗಿಲು ತೆರೆದು, ಒಂದು ಕಾಲು ಹೊರಗಿಟ್ಟು, ಬಾತುಕೋಳಿಯ ಹಾಗೆ ಕತ್ತು ಚಾಚಿ ಗಂಡನ ಮುಖವನ್ನೇ ನೋಡುತ್ತಿದ್ದಾಳೆ. ಬಲಗೈ ಕೀಲಿಯ ಮೇಲಿದೆ.

ಗಂಡ ಅರ್ಧ ಎಂಜಿನ್ನಿನೊಳಗೇ ಮುಳುಗಿದ್ದಾನೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿ ಟರ್ಬೋದ ಮೇಲಿದೆ, ಮರದ ಹಿಡಿ ಅವನ ಹಲ್ಲುಗಳ ನಡುವೆ. ಕಿವಿಗೆ ಎಂಜಿನ್ನಿನ ಗದ್ದಲವೆಲ್ಲ ಬೀಳುತ್ತದೆ. ಹಲ್ಲಿಗಾದರೆ ಬೇರಿಂಗಿನ ಸದ್ದೊಂದೇ ಬೀಳುತ್ತದೆ ಎನ್ನುವುದು ಅವನ ವಾದ.

ತೊಂಬತ್ತರ ದಶಕದ ಟರ್ಬೋ ಕಾರುಗಳೆಂದರೆ ಪ್ರಾಣ ಬಿಡುವವರು ಈ ಊರಿನಲ್ಲಿ ಬೇಕಾದಷ್ಟಿದ್ದಾರೆ. ಹೆಂಡತಿಯ ಹುಟ್ಟಿದ ದಿನ ಮರೆತರೂ ಕಾರಿನದು ಮರೆಯದ ಜಾತಿ. ಹೊರಗೆ ಹೋಗುವ ಹೊಗೆಯನ್ನೇ ಹಿಡಿದು ಕಡ್ಡಿಯೊಂದರ ತುದಿಯ ಪುಟ್ಟ ಚಕ್ರ ತಿರುಗಿಸುವುದು, ಅದೇ ಕಡ್ಡಿಯ ಇನ್ನೊಂದು ತುದಿಯ ಚಕ್ರ ಎಂಜಿನ್ನಿಗೆ ಗಾಳಿ ತುರುಕುವುದು: ಟರ್ಬೋ ಎಂದರೆ ಇಷ್ಟೇ. ಆದರೆ ನೀವು ಒಂದು ಸಲ ಸೀನುವಷ್ಟರಲ್ಲಿ ಅದು ಸಾವಿರ ಸುತ್ತು ಹಾಕಿ, ಕೆಂಡವಾಗಿ, ಸೀಟಿ ಹೊಡೆಯುತ್ತದೆ. ಅದನ್ನು ಸರಿಮಾಡುವ ಗಂಡನಿಗೆ ‘ಸೀಟಿ ಮಾಸ್ಟರ್’ ಎಂಬ ಬಿರುದು. ಗೋಡೆಯ ತುಂಬ ಅವನ ಫೋಟೋಗಳು. ಕಾರಿನೊಳಗೆ ಕೂತು ಕೀಲಿ ತಿರುಗಿಸುವವಳ ಮೊಣಕೈ ಮಾತ್ರ ಒಂದರಲ್ಲಿ ಕಾಣುತ್ತದೆ.

“ಮದ್ವೆಯಾದ ವಾರಾನೇ, ‘ಸ್ವಲ್ಪ ಈ ಕೀ ಹಿಡ್ಕೋ’ ಅಂದ್ರು. ಇವತ್ತಿನವರೆಗೂ ಬಿಡು ಅಂದಿಲ್ಲ” ಎಂದು ಅಕ್ಕ ನಗುತ್ತಾಳೆ.

ಹಿಡಿದದ್ದು ಬರೀ ಕೀಲಿಯಲ್ಲ. ಬಿಚ್ಚಿದ ಭಾಗಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುವವಳು ಅವಳೇ. ಕೈ ಸುಲಿದು ಮಳೆಗಾಲದಲ್ಲೂ ಒಣಗಿದ ಎಲೆಯಂತಿದೆ. ಹೊಸದಾಗಿ ಜೋಡಿಸಿದ ಟರ್ಬೋಗೆ ಮೊದಲು ಎಣ್ಣೆ ಕುಡಿಸಬೇಕು, ಬೆಂಕಿ ಕೊಡದೆ ಎಂಜಿನ್ ಸುಮ್ಮನೆ ತಿರುಗಿಸಬೇಕು. ಓಡಿ ಬಂದ ಮೇಲೆ ಟರ್ಬೋ ತಣಿಯುವವರೆಗೆ ಎಂಜಿನ್ ಆಫ್ ಮಾಡಬಾರದು. “ಗಂಟಲು ಒಣಗಿದವನನ್ನ ಓಡಿಸಬಾರ್ದು. ಓಡಿ ಬಂದವನನ್ನ ತಕ್ಷಣ ಮಲಗಿಸಬಾರ್ದು. ಇಷ್ಟೇ ವಿದ್ಯೆ” ಎನ್ನುತ್ತಾಳೆ.

ಇವತ್ತು ಮಾತ್ರ ಆ ನಗು ತುಟಿಯಿಂದ ಮೇಲೇರುತ್ತಿಲ್ಲ. ಕಾರು ‘ಟ್ಯಾಕ್ಸಿ ತಂಗಿ’ ಎಂದು ಊರು ಕರೆಯುವ ಹುಡುಗಿಯದು. ವಾರವೆಲ್ಲ ಬಾಡಿಗೆ ಟ್ಯಾಕ್ಸಿ ಓಡಿಸುವ ಈ ಹುಡುಗಿ ಬಿಡುವಿನ ದಿನ ಅಪ್ಪ ಬಿಟ್ಟುಹೋದ ಈ ಟರ್ಬೋ ಕಾರು ಹತ್ತುತ್ತಾಳೆ. ಬಿಸಿಲೇರುವಷ್ಟರಲ್ಲಿ ಬೆಟ್ಟದ ದಾರಿಯ ರೇಸಿದೆ. ಒಂದು ಕಡೆ ಬಂಡೆ, ಇನ್ನೊಂದು ಕಡೆ ನೋಡಿದರೆ ತಲೆ ತಿರುಗುವ ಆಳ. ಹಳೆಯ ಟರ್ಬೋದ ಕಡ್ಡಿ ಸವೆದಿತ್ತು. ಗುಜರಿಯಿಂದ ಹುಡುಕಿ ತಂದ ಕಡ್ಡಿಯೇ ಕೊನೆಯದು, ಕಂಪನಿ ಮಾಡುವುದನ್ನೇ ಬಿಟ್ಟು ಎಷ್ಟೋ ಕಾಲವಾಯಿತು. ಒಳಗೆ ಸ್ವಲ್ಪ ಉಜ್ಜಿದರೂ ವೇಗದಲ್ಲಿ ಚಕ್ರ ಒಡೆದು ಚೂರು ಎಂಜಿನ್ನಿನ ಹೊಟ್ಟೆ ಸೇರುತ್ತದೆ. ತಿರುವಿನಲ್ಲಿ ಎಂಜಿನ್ ಹಿಡಿದುಕೊಂಡು ನಿಂತುಬಿಟ್ಟರೆ ಕಾರನ್ನೂ ಕೇಳಬೇಡಿ, ಹುಡುಗಿಯನ್ನೂ ಕೇಳಬೇಡಿ.

ಇದರ ಮೇಲೊಂದು ಗುಟ್ಟು. ಹೋದ ತಿಂಗಳು ಮಾಸ್ಟರ್ ಇದ್ದಬದ್ದ ಹಲ್ಲನ್ನೆಲ್ಲ ಕೀಳಿಸಿ ಹೊಸ ಸೆಟ್ಟು ಹಾಕಿಸಿಕೊಂಡಿದ್ದಾನೆ. ಕಟ್ಟಿಸಿದ ಹಲ್ಲಿಗೆ ಸದ್ದು ಹತ್ತುತ್ತದೆಯೇ? “ಎಲ್ಲಾ ಕೇಳುತ್ತೆ, ಸುಮ್ನಿರೇ” ಎಂದು ನಿನ್ನೆ ಗದರಿದ್ದ.

ಅಕ್ಕ ಕೀಲಿ ತಿರುಗಿಸುತ್ತಾಳೆ. ಎಂಜಿನ್ ಕೆಮ್ಮಿ ಹತ್ತುತ್ತದೆ. ಮಾಸ್ಟರ್ ಹಿಡಿ ಕಚ್ಚುತ್ತಾನೆ. ಟ್ಯಾಕ್ಸಿ ತಂಗಿ ಹೆಲ್ಮೆಟ್ಟನ್ನು ಮಗುವಿನ ಹಾಗೆ ಅವಚಿಕೊಂಡು ನಿಂತಿದ್ದಾಳೆ. ಮಾಸ್ಟರ್ ತಲೆ ಎತ್ತುತ್ತಾನೆ, ಹೆಬ್ಬೆರಳು ತೋರಿಸುತ್ತಾನೆ. ಹುಡುಗಿಯ ಮುಖ ಅರಳುತ್ತದೆ.

ಅಕ್ಕ ಕೀಲಿಯನ್ನು ಹಿಂದಕ್ಕೆ ತಿರುಗಿಸಿಬಿಡುತ್ತಾಳೆ. ಎಂಜಿನ್ ನಿಲ್ಲುತ್ತದೆ.

“ಯಾಕೆ ಆಫ್ ಮಾಡ್ದೆ?”

“ರೀ, ನಿಮ್ಮ ಎಡಗಣ್ಣು ಮುಚ್ಚಲೇ ಇಲ್ಲ.”

“ಕಣ್ಣಿಗೂ ಟರ್ಬೋಗೂ ಏನು ಸಂಬಂಧ?”

“ಸದ್ದು ಸಿಕ್ಕಿದ ತಕ್ಷಣ ನಿಮ್ಮ ಎಡಗಣ್ಣು ತಾನಾಗೇ ಮುಚ್ಚುತ್ತೆ. ಇಷ್ಟು ವರ್ಷ ಅದನ್ನ ನೋಡ್ಕೊಂಡೇ ಕೀ ಹಿಡಿದಿದ್ದೀನಿ. ಇವತ್ತು ಎರಡೂ ಗೂಬೆ ಥರ ಬಿಟ್ಟೇ ಇದ್ವು. ಸತ್ಯ ಹೇಳಿ, ಕೇಳ್ಸಿತಾ?”

ಮಾಸ್ಟರ್ ಹುಡುಗಿಯ ಕಡೆ ನೋಡುತ್ತಾನೆ, ನೆಲದ ಕಡೆ ನೋಡುತ್ತಾನೆ. ಆಮೇಲೆ ಸ್ಕ್ರೂಡ್ರೈವರನ್ನು ಸೊಂಟದ ಬಟ್ಟೆಗೆ ಒರೆಸಿ ಹೆಂಡತಿಯ ಮುಂದೆ ಚಾಚುತ್ತಾನೆ.

“ನಿಂದು ಸ್ವಂತ ಹಲ್ಲು ತಾನೇ? ಕಚ್ಚು.”

“ನನಗೇನು ಗೊತ್ತಾಗುತ್ತೆ?”

“ರೇಷ್ಮೆ ಬಟ್ಟೆ ಎಳೆದ ಹಾಗಿದ್ರೆ ಸರಿ. ಅಕ್ಕಿ ಜೊತೆ ಕಲ್ಲು ಸಿಕ್ಕ ಹಾಗಿದ್ರೆ ಕೈ ಎತ್ತು. ಕೀ ಅವಳ ಕೈಗೆ ಕೊಡು.”

ಟ್ಯಾಕ್ಸಿ ತಂಗಿ ಒಳಗೆ ಕೂರುತ್ತಾಳೆ. ಅಕ್ಕ ಬಾಗಿ ಹಿಡಿಯನ್ನು ಕಚ್ಚುತ್ತಾಳೆ. ಎಂಜಿನ್ ಹತ್ತುತ್ತದೆ. ಇಡೀ ತಲೆಬುರುಡೆಯೊಳಗೆ ಹಿಟ್ಟಿನ ಗಿರಣಿ ಹೊಕ್ಕಂತಾಗಿ ಅವಳಿಗೆ ಓಡಿಹೋಗಬೇಕೆನಿಸುತ್ತದೆ. ಓಡುವುದಿಲ್ಲ. ಗದ್ದಲದ ಅಡಿಯಲ್ಲಿ ಎಲ್ಲೋ, ದವಡೆಯ ಮೂಲೆಯಲ್ಲಿ, ಕರಕ್. ಮತ್ತೆ ಕರಕ್. ಕೈ ತಾನಾಗೇ ಮೇಲೇಳುತ್ತದೆ.

“ಕಲ್ಲು ರೀ!”

ಮಾಸ್ಟರ್ ಎಣ್ಣೆಯ ಪೈಪನ್ನು ಬಿಚ್ಚುತ್ತಾನೆ. ಎಣ್ಣೆ ಒಳಹೋಗುವ ಸಣ್ಣ ತೂತಿನ ಬಾಯಲ್ಲಿ ಕೆಂಪು ಪೇಸ್ಟಿನ ಚೂರೊಂದು ಕೂತಿದೆ, ಎಳ್ಳುಕಾಳಿನಷ್ಟು. ಸೋರಿಕೆ ತಡೆಯುವ ಈ ಪೇಸ್ಟನ್ನು ಎಣ್ಣೆಯ ಬಾಯಿಗೆ ಹಚ್ಚಬಾರದು, ಒಣಗಿ ಕಿತ್ತು ಗಂಟಲು ಕಟ್ಟುತ್ತದೆ ಎಂದು ಊರಿನ ಮೆಕ್ಯಾನಿಕ್‌ಗಳಿಗೆಲ್ಲ ಬೈದು ಬೈದು ಹೇಳಿದವನು ಇವನೇ.

“ನೀವೇ ಹಚ್ಚಿದ್ರಾ?”

“ಒಂದು ಹನಿ ಸೋರ್ತಿತ್ತು ಕಣೇ. ಇದೊಂದು ಸಲ ಅಂತ...”

“ಊರಿಗೆಲ್ಲಾ ಪುರಾಣ, ಮನೆಯಲ್ಲಿ ಬದನೆಕಾಯಿ!” ಎನ್ನುತ್ತಾಳೆ ಅಕ್ಕ.

ಪೇಸ್ಟನ್ನೆಲ್ಲ ಕೆರೆದು, ಟರ್ಬೋ ಇಳಿಸಿ, ಕಡ್ಡಿ ತೆಗೆದು ಬೆಳಕಿಗೆ ಹಿಡಿಯುತ್ತಾರೆ. ಗೀರು ಬಿದ್ದಿಲ್ಲ, ಬೇರಿಂಗಿಗೆ ಮಾತ್ರ ಗಾಯ, ಅದಾದರೆ ಹೊಸದೊಂದು ಶೆಡ್ಡಿನಲ್ಲೇ ಇದೆ. ಅಕ್ಕ ತೊಳೆಯುತ್ತಾಳೆ, ಮಾಸ್ಟರ್ ಜೋಡಿಸುತ್ತಾನೆ, ಹುಡುಗಿ ನಿಮಿಷಕ್ಕೊಮ್ಮೆ ಬಾಗಿಲಿಗೆ ಹೋಗಿ ಸೂರ್ಯನನ್ನು ಬೈದು ಬರುತ್ತಾಳೆ. ಎಣ್ಣೆ ಕುಡಿಸಿಯಾಯಿತು. ಮತ್ತೆ ಕೀಲಿ, ಮತ್ತೆ ಹಿಡಿ.

ಈ ಸಲ ಅಕ್ಕ ಬಹಳ ಹೊತ್ತು ತಲೆ ಎತ್ತುವುದಿಲ್ಲ. ಮಾಸ್ಟರ್ ಟರ್ಬೋವನ್ನು ನೋಡುತ್ತಿಲ್ಲ, ಎಂಜಿನ್ನನ್ನೂ ನೋಡುತ್ತಿಲ್ಲ. ಬಾತುಕೋಳಿಯ ಹಾಗೆ ಕತ್ತು ಚಾಚಿ ಹೆಂಡತಿಯ ಮುಖವನ್ನೇ ನೋಡುತ್ತಿದ್ದಾನೆ.

ಅವಳ ಎಡಗಣ್ಣು ಮೆಲ್ಲಗೆ ಮುಚ್ಚುತ್ತದೆ.

“ಹೊರಡು ತಂಗಿ” ಎನ್ನುತ್ತಾನೆ ಮಾಸ್ಟರ್.

ಬಿಸಿಲೇರಿದ ಮೇಲೆ ಬೆಟ್ಟದ ಕಡೆಯಿಂದ ಸೀಟಿ ಕೇಳಿಸುತ್ತದೆ. ತಿರುವಿನಲ್ಲಿ ತಗ್ಗುತ್ತದೆ, ಗಂಡ ಹೆಂಡತಿ ಇಬ್ಬರೂ ನಿಂತುಬಿಡುತ್ತಾರೆ. ಮತ್ತೆ ಏರುತ್ತದೆ, ಮತ್ತೆ ಉಸಿರಾಡುತ್ತಾರೆ. ಕೊನೆಯ ತಿರುವನ್ನೂ ದಾಟಿ ಸದ್ದು ಮೇಲೆ ಹೋಗಿ ನಿಲ್ಲುತ್ತದೆ. ತಕ್ಷಣವಲ್ಲ, ನಿಧಾನವಾಗಿ. ಹುಡುಗಿ ಟರ್ಬೋ ತಣಿಸಿಯೇ ಮಲಗಿಸಿದ್ದಾಳೆ.

ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದರೆ ಅಕ್ಕ ಸ್ಕ್ರೂಡ್ರೈವರನ್ನು ತಿರುಗಿಸಿ ತಿರುಗಿಸಿ ನೋಡುತ್ತಾಳೆ.

“ಇದರ ಹಿಡಿ ತುಂಬಾ ಅವ್ರ ಹಲ್ಲಿನ ಗುರುತೇ ಇದೆ. ನಂದಕ್ಕೆ ಜಾಗಾನೇ ಇಲ್ಲ. ನಂಗೊಂದು ಹೊಸಾ ಹಿಡಿ ಬೇಕು.”